ಹಲಸಿನ ಮರದ ಜಾಗದಲ್ಲಿ ಕಂಬ

ನಮ್ಮ ಮನೆ ಮಾವನಲ್ಲ ಎಂಬ ಊರಿನ ಅಂಚಿನಲ್ಲಿದೆ. ಹಿತ್ತಿಲು ಮುಗಿದಲ್ಲಿ ಕಾಡು ಶುರು. ಕರೆಂಟು ಇಲ್ಲ. ಪುಕ್ಕಟೆ ಸಿಕ್ಕ ಸೋಲಾರ್ ದೀಪವೊಂದು ಒಂದೆರಡು ಮಳೆಗಾಲ ಉರಿದು ಸತ್ತಿತು. ಅಷ್ಟಾದರೂ ಉರಿಯಿತಲ್ಲ, ಅದೂ ಶಿವನ ದಯೆ.

ನಾನು ಬೇಡಿಕೊಂಡದ್ದು ದೊಡ್ಡದೇನಲ್ಲ, ಕೊಟ್ಟಿಗೆಯ ಬಾಗಿಲಿಗೆ ಒಂದು ಬಲ್ಬು. ಒಮ್ಮೆ ನಸುಕಿನಲ್ಲಿ ಹಾಲು ಕರೆಯಲು ಹೊರಟಾಗ ಗೋಡೆಯ ಪಕ್ಕದ ಕತ್ತಲು ಉಸಿರುಬಿಟ್ಟಿತು. ಆನೆ. ಅದು ತನ್ನ ಪಾಡಿಗೆ ಹಲಸಿನ ಮರದತ್ತ ಹೋಯಿತು, ನಾನು ಬದುಕಿದೆ. ಅಂದಿನಿಂದ ಹಸು ಕೂಗಿದರೂ ಬಾಗಿಲು ತೆಗೆಯುವ ಮೊದಲು ಗೋಡೆಗೆ ಕಿವಿಯಿಟ್ಟು ಕೇಳುತ್ತೇನೆ.

ಪಕ್ಕದ ಜಮೀನು ಯಜಮಾನರ ಅಣ್ಣನದು. ಬಾವ ಅಲ್ಲಿ ಪ್ರವಾಸಿಗರಿಗೆ ರೂಮು ಕಟ್ಟಿಸಿದರು. ರಸ್ತೆಯಿಂದ ತಂತಿ ಬರಬೇಕಾದರೆ ನಮ್ಮ ಅಂಗಳ ದಾಟಬೇಕು. ಅಡ್ಡಕ್ಕೆ ಅತ್ತೆ ನೆಟ್ಟ ಹಲಸಿನ ಮರ. ನಾನು ದೇವರ ಗೂಡಿಗೆ ದೀಪ ಹಚ್ಚುತ್ತಿದ್ದ ಹೊತ್ತಿಗೆ ಬಾವ ಬಂದು ಕೂತರು.

“ಮರ ಕೊಡವ್ವ. ಮೊದಲು ಕರೆಂಟು ನಿಮ್ಮ ಮನೆಗೇ, ಆಮೇಲೆ ನನ್ನ ರೂಮಿಗೆ. ಹಣ್ಣು ಇಲ್ದಿದ್ರೆ ಆನೆನೂ ಬರಾಕಿಲ್ಲ.”

ಅತ್ತೆ ಮೂಲೆಯಿಂದಲೇ ದೊಡ್ಡ ಮಗನಿಗೆ ಹೇಳಿದರು: “ಚಿಕ್ಕೋನಿದ್ದಾಗ ಆ ಹಣ್ಣು ತಿಂದು ಹೊಟ್ಟೆ ಉಬ್ಬಿಸ್ಕೊತಿದ್ದೆ. ಆಗ ಆನೆ ನೀನೇ ಕಣ್ಲಾ.”

ಎಲ್ಲರೂ ನಕ್ಕೆವು. ಬಾವ ನಗುತ್ತಲೇ ದೀಪದ ಮೇಲೆ ಬಲಗೈ ಹಿಡಿದರು. “ಇದರ ಮುಂದೆ ಹೇಳ್ತಿವ್ನಿ, ಸಾಕಾ?”

ಸಾಕಾಗಿತ್ತು. ನಮ್ಮಲ್ಲಿ ದೀಪದ ಮುಂದೆ ಆಡಿದ ಮಾತಿಗೆ ಕಾಗದ ಬೇಡ, ಸಾಕ್ಷಿ ಬೇಡ. ಆಮೇಲೆ ಅದನ್ನು ನೆನಪಿಸಲೂಬಾರದು. ನೆನಪಿಸಿದರೆ ದೀಪವನ್ನೇ ನಂಬದ ಹಾಗೆ.

ಮರ ಬಿತ್ತು. ಅದರ ಜಾಗದಲ್ಲಿ ಕಂಬ ನಿಂತಿತು. ನಾನು ಕಂಬಕ್ಕೆ ವಿಭೂತಿ ಹಚ್ಚಿ, ಸೇವಂತಿಗೆ ಮುಡಿಸಿದೆ. ಲೈನ್‌ಮ್ಯಾನ್ ನಕ್ಕ: “ಇದನ್ನೂ ಸಾಮಿ ಮಾಡಿಬಿಟ್ರಾ ಅಮ್ಮಾ?”

ಅವನು ಮೇಲೆ ಹತ್ತಿ ಕೆಲಸ ಮಾಡುತ್ತಿದ್ದಾಗ ಅತ್ತೆ ಸುಮ್ಮನಿರಲಿಲ್ಲ. “ನಮ್ಮ ಮನೆ ಕಡೆ ತಂತಿನೇ ಎಳೀತಿಲ್ವಲ್ಲ. ಒಂದು ಮಾತು ಕೇಳ್ಬಾರ್ದಾ ನಿಮ್ಮ ಬಾವನ್ನ?”

“ದೀಪದ ಮಾತು ಅತ್ತೆ, ಕೇಳಬಾರದು” ಎಂದೆ.

ತಂತಿ ನಮ್ಮ ಹೆಂಚಿನ ಮೇಲೆಯೇ ಹಾದು ರೂಮುಗಳತ್ತ ಹೋಯಿತು. ಲೈನ್‌ಮ್ಯಾನ್ ಇಳಿದು, ಉಳಿದ ತಂತಿ ಸುತ್ತಿಕೊಳ್ಳತೊಡಗಿದಾಗ ಕೇಳಿದೆ: “ನಮ್ಮ ಮನೆಗೆ?”

“ಇಲ್ಲಮ್ಮಾ. ರೂಮಿಗೆ ಮಾತ್ರ ಅಂತ ಹೇಳಿದಾರೆ.”

ಬಾವನ ಬಳಿಗೆ ಹೋದೆ. ಅವರು ಹೊಸ ಸ್ವಿಚ್ಚು ಒತ್ತಿ ನೋಡುತ್ತಿದ್ದರು, ನನ್ನ ಮುಖ ನೋಡಲಿಲ್ಲ. “ಲೋಡು ಸಾಲ್ದು ಕಣವ್ವ. ಬಂದೋರಿಗೆಲ್ಲ ಬಿಸಿನೀರು ಬೇಕು. ಮುಂದೆ ನೋಡುವ.”

“ಒಂದು ಬಲ್ಬಿಗೆ ಲೋಡಾ, ಬಾವ?”

“ಮನೇಲಿ ದೀಪ ಇಲ್ವಾ ನಿಂಗೆ?”

ಅದೇ ದೀಪವನ್ನು ಅವರು ಬಾಯಿಗೆ ತಂದರು. ನಾನು ತಿರುಗಿ ಮನೆಗೆ ಬಂದೆ.

ಈಗ ಆ ರೂಮುಗಳ ಸುತ್ತ ಬೆಳಕೋ ಬೆಳಕು. ಅದಕ್ಕೆ ಹೆದರಿದ ಆನೆಗಳು ಕತ್ತಲಿರುವ ನಮ್ಮ ಅಂಗಳವನ್ನೇ ದಾರಿ ಮಾಡಿಕೊಂಡಿವೆ. ಹಲಸು ಇಲ್ಲದಿದ್ದರೂ ಬರುತ್ತವೆ. ರೂಮಿಗೆ ಬಂದಿದ್ದ ಒಬ್ಬ ಹೆಂಗಸು ಹಸು ನೋಡಲು ಬಂದವಳು, “ಈಗ ಲೋಕದಲ್ಲೆಲ್ಲ ಕರೆಂಟು ಬಂದಾಯ್ತಲ್ಲ, ನಿಮಗ್ಯಾಕಿಲ್ಲ?” ಎಂದಳು. ಲೋಕದ ಸಂಗತಿ ನನಗೇನು ಗೊತ್ತು? ತಲೆಯ ಮೇಲಿನ ತಂತಿ ತೋರಿಸಿದೆ. ಹಸು ಚೆನ್ನಾಗಿ ಹಾಲು ಕೊಡುತ್ತಿದೆ, ಅತ್ತೆಗೆ ಈ ಚಳಿಯಲ್ಲಿ ಕೆಮ್ಮಿಲ್ಲ. ಇಷ್ಟನ್ನು ಶಿವ ಉಳಿಸಿದ್ದಾನೆ. ಆದರೂ ಬೆಳಗಾಗಿ ದಾರಿ ಕಾಣುವವರೆಗೆ ಹಾಲು ಕರೆಯಲು ಹೋಗುವುದಿಲ್ಲ. ಕೆಚ್ಚಲು ಬಿಗಿದು ಹಸು ಕೂಗುತ್ತದೆ. ನಾನು ಅಗುಳಿ ಹಿಡಿದು ಒಳಗೆ ನಿಂತಿರುತ್ತೇನೆ.

ಮೊನ್ನೆ ಮುಸ್ಸಂಜೆ ಬಾವ ಮತ್ತೆ ಬಂದರು. ಇನ್ನೆರಡು ರೂಮು ಏಳುತ್ತಿವೆಯಂತೆ, ಕೊಟ್ಟಿಗೆಯ ಪಕ್ಕ ಇನ್ನೊಂದು ಕಂಬ ಬೇಕಂತೆ. “ಈ ಸಲ ಖಂಡಿತ ನಿಮಗೂ ಕೊಡಿಸ್ತೀನಿ” ಎಂದು ದೇವರ ಗೂಡಿನತ್ತ ಕೈ ಚಾಚಿದರು.

ನಾನು ಎದ್ದು ದೀಪವನ್ನು ಎತ್ತಿಕೊಂಡೆ.

“ಇದರ ಮುಂದೆ ಬೇಡ ಬಾವ. ಹೊರಗೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಹೇಳಿ.”

ಅವರು ಹೊರಗಿನ ಕತ್ತಲು ನೋಡಿದರು. ಟಾರ್ಚು ತಂದಿರಲಿಲ್ಲ. ಕೊಟ್ಟಿಗೆಯತ್ತ ಹೋಗದೆ ಬೇಲಿಯ ಪಕ್ಕದಲ್ಲೇ ಬೇಗಬೇಗ ನಡೆದು ಹೋದರು. ದೀಪವನ್ನು ಗೂಡಿಗೆ ಇಟ್ಟು ಎಣ್ಣೆ ಹಾಕಿದೆ. ಇನ್ನೊಂದು ಸುಳ್ಳು ಕೇಳುವ ಕಷ್ಟ ಅದಕ್ಕೆ ತಪ್ಪಿತಲ್ಲ, ಅಷ್ಟೇ ಸಾಕು.