ಎರಡನೇ ಮಹಡಿಯಲ್ಲೇ ಇಳಿಸುತ್ತಿದ್ದ ಮಾವ

ನಮ್ಮ ಸೋದರಮಾವ ಮೂವತ್ತೊಂದು ವರ್ಷ ಒಂದೇ ಲಿಫ್ಟ್ ನಡೆಸಿದವರು. ಆರು ಮಹಡಿಯ ಹಳೆಯ ಕಟ್ಟಡ. ಎಳೆದು ಮುಚ್ಚುವ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿಕೆ, ಮೂಲೆಯಲ್ಲೊಂದು ಸ್ಟೂಲು. "ನನ್ನ ಲಿಫ್ಟಲ್ಲಿ ಒಬ್ಬ ನರಮನುಷ್ಯನೂ ಸಿಕ್ಕಿಹಾಕ್ಕೊಂಡಿಲ್ಲ" ಎನ್ನುವುದೊಂದೇ ಅವರ ಜಂಬ. ಮದುವೆಮನೆಗಳಲ್ಲೂ ಅದನ್ನೇ ಶುರು ಮಾಡುತ್ತಿದ್ದರು, ನಾವು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದೆವು. ಕಟ್ಟಡದವರಿಗೆ ಅವರ ಮೇಲೆ ಬೇರೆಯೇ ಸಿಟ್ಟು. ಒಂದೊಂದು ದಿನ ಐದನೇ ಮಹಡಿಗೆ ಹೊರಟವರನ್ನು ಎರಡರಲ್ಲೇ ಇಳಿಸಿ, "ನಡ್ಕೊಂಡು ಹೋಗಿ, ಮೈಗೆ ಒಳ್ಳೇದು" ಎಂದುಬಿಡುತ್ತಿದ್ದರು. ವಯಸ್ಸಾಗುತ್ತಾ ಮೊಂಡುತನ ಬಲಿತಿದೆ ಎಂದೇ ನಾನೂ ಅಂದುಕೊಂಡಿದ್ದೆ.

ನಾನು ಸಿನಿಮಾ ಓದುತ್ತಿದ್ದೆ. ಕೊನೆಯ ವರ್ಷಕ್ಕೆ ಐದು ನಿಮಿಷದ ನಗೆಚಿತ್ರ ಮಾಡಬೇಕಿತ್ತು. ಮೂವರು ಲಿಫ್ಟಿನಲ್ಲಿ ಸಿಕ್ಕಿಕೊಂಡು ಒದ್ದಾಡುವ ಕಥೆ ಬರೆದೆ. ಮುಂದಿನ ವಾರ ಆ ಲಿಫ್ಟ್ ಕಿತ್ತು ಗುಂಡಿ ಒತ್ತುವ ಹೊಸದನ್ನು ಹಾಕುವವರಿದ್ದರು. ಮಾವನಿಗೂ ಅದರ ಜೊತೆಗೇ ನಿವೃತ್ತಿ. ಉಳಿದಿದ್ದದ್ದು ಒಂದೇ ಭಾನುವಾರ.

"ಇಷ್ಟು ವರ್ಷ ಸಿಕ್ಕಿಕೊಳ್ಳದ್ದನ್ನ ನೀನು ಸಿನಿಮಾದಲ್ಲಿ ಸಿಕ್ಕಿಸ್ತೀಯಾ? ನೋಡಿದೋರು ನನ್ನ ಬಗ್ಗೆ ಏನಂದ್ಕೋತಾರೆ?" ಮಾವ ಮುಖ ಊದಿಸಿಕೊಂಡರು.

"ಹುಡುಗಿ ಪಾಸಾಗ್ಬೇಕು ಕಣ್ರೀ, ಸುಮ್ಮನೆ ಹೋಗಿ" ಎಂದು ಅತ್ತೆ ಗದರಿದ ಮೇಲೆ ಒಪ್ಪಿದರು.

ಹಿಡಿಕೆ ಅವರ ಕೈಯಲ್ಲೇ ಇರಬೇಕಾದ್ದರಿಂದ ಲಿಫ್ಟ್‌ನವನ ಪಾತ್ರವೂ ಅವರದೇ. ನಾಲ್ಕಡಿ ಅಗಲದೊಳಗೆ ಮೂವರು ನಟರು, ಗೋಡೆಗೆ ಅಂಟಿಕೊಂಡ ಕ್ಯಾಮೆರಾದವನು, ಹೆಡ್‌ಫೋನ್ ಹಾಕಿಕೊಂಡ ನಾನು. ಮೈಕು ಸ್ಟೂಲಿನ ಕೆಳಗೆ. ಯಾರಾದರೂ ಕೆಮ್ಮಿದರೆ ಉಳಿದ ಐವರ ಮೈಯೂ ಕುಲುಕುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ನಿಲ್ಲಿಸಿ, ನಡುವೆ ಸಿಕ್ಕಿಕೊಂಡಂತೆ ನಟಿಸಬೇಕಿತ್ತು. ನಟರು "ಯಾರಾದ್ರೂ ಬಾಗಿಲು ತೆಗೀರಿ" ಎಂದು ಕೂಗಿದ್ದೇ ತಡ, ಮಾವನ ಕೈ ತಾನಾಗಿ ಹೋಗಿ ಜಾಲರಿ ಎಳೆದುಬಿಡುತ್ತಿತ್ತು.

ಒಂಬತ್ತು ಸಲ ಹೀಗೇ ಆಯಿತು. "ಅಷ್ಟು ಅಂಗಲಾಚ್ತಾರಲ್ಲೇ, ಹೇಗೆ ಸುಮ್ಮನಿರೋದು?" ಎಂದರು.

ಹತ್ತನೆಯ ಸಲ, ಜಾಲರಿ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಹೊರಟರು. ಒಂದನೇ ಮಹಡಿ ದಾಟುತ್ತಲೇ ತಲೆ ಓರೆ ಮಾಡಿ ಏನೋ ಆಲಿಸಿದರು. ಎರಡರಲ್ಲಿ ನಿಲ್ಲಿಸಿದರು. "ಎಲ್ಲರೂ ಇಳೀರಿ. ನಡ್ಕೊಂಡು ಹೋಗಿ, ಮೈಗೆ ಒಳ್ಳೇದು."

ನನ್ನ ತಲೆ ಕೆಟ್ಟುಹೋಯಿತು. "ಮಾವ, ನಿಮ್ಮ ಮೊಂಡಾಟಕ್ಕೆ ನಾನು ಫೇಲಾಗ್ತೀನಿ."

"ಸದ್ದು ಸರಿಯಿಲ್ಲ ಕಣೇ" ಎಂದರು ತಗ್ಗಿದ ದನಿಯಲ್ಲಿ. "ಮೇಲೆ ಕಟಕ್ ಅಂತಿದೆ."

ನಂಬದೆ, ಹಠಕ್ಕೆ, ರೆಕಾರ್ಡ್ ಆಗಿದ್ದನ್ನು ಹಾಕಿಕೊಂಡು ಕೇಳಿದೆ. ಮೊದಲ ಒಂಬತ್ತು ಸಲ ಇಲ್ಲದ ಸಣ್ಣ ಕಟಕ್ ಹತ್ತನೆಯದರಲ್ಲಿತ್ತು. ಹೆಡ್‌ಫೋನಿನಲ್ಲೂ ನನಗದು ಕಷ್ಟಪಟ್ಟು ಕೇಳಿತು. ಮೆಕ್ಯಾನಿಕ್ ಬಂದು ನೋಡಿ, "ಇನ್ನೊಂದು ಮಹಡಿ ಹೋಗಿದ್ರೆ ನಡುವೇನೇ ನಿಲ್ತಿತ್ತು" ಎಂದ.

"ಪ್ರತಿ ಸಲಾನೂ ಇದಕ್ಕೇನಾ ಇಳಿಸ್ತಿದ್ದದ್ದು? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಜನ ಲಿಫ್ಟ್ ಹತ್ತೋಕೇ ಹೆದರ್ತಾರೆ. ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು."

ನನಗೆ ನಾಚಿಕೆಯಾಯಿತು. ರಿಪೇರಿ ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತು ಕಥೆಯನ್ನೇ ತಲೆಕೆಳಗು ಮಾಡಿ ಬರೆದೆ. ಹಲ್ಲಿನ ಡಾಕ್ಟರಿಗೆ ಹೆದರುವವನೊಬ್ಬ, ಸಾಹೇಬರ ಬೈಗುಳಕ್ಕೆ ಹೆದರುವವಳೊಬ್ಬಳು, ಅವಳ ಜೊತೆ ಮಾತಾಡಲು ಕಾಯುವವನೊಬ್ಬ. ಮೂವರಿಗೂ ಸಿಕ್ಕಿಕೊಳ್ಳುವ ಆಸೆ, ಬಿಡದವನು ಲಿಫ್ಟ್‌ನವನು. ಕೊನೆಗೆ ಕಟಕ್ ಕೇಳಿ ಎಲ್ಲರನ್ನೂ ಎರಡರಲ್ಲೇ ಇಳಿಸುತ್ತಾನೆ, ಮೆಕ್ಯಾನಿಕ್ ಮೋಟಾರು ಕೋಣೆಯಿಂದ ಓಡಿಸಿ ನೋಡಿದರೆ ಖಾಲಿ ಲಿಫ್ಟ್ ಮೇಲೆ ಹೋಗಿ ಸಿಕ್ಕಿಕೊಳ್ಳುತ್ತದೆ. ಈಗ ಮಾವನಿಗೆ ನಟಿಸುವ ಕೆಲಸವೇ ಇರಲಿಲ್ಲ. ಸಂಜೆಯೊಳಗೆ ಮುಗಿಸಿದೆವು.

ಪ್ರದರ್ಶನದ ದಿನ ಕಟ್ಟಡದವರೆಲ್ಲ ಬಂದಿದ್ದರು. ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದೀಪ ಹತ್ತಿದ ಮೇಲೆ ಐದನೇ ಮಹಡಿಯ ಟೈಪಿಂಗ್ ಕ್ಲಾಸಿನ ಮೇಡಂ ಮಾತ್ರ ನಗದೆ ಮಾವನ ಹತ್ತಿರ ಬಂದರು.

"ನನ್ನನ್ನ ಎರಡರಲ್ಲಿ ಇಳಿಸ್ತಿದ್ದದ್ದೂ ಇದಕ್ಕೇನಾ?"

"ಹನ್ನೊಂದು ಸಲ, ಮೇಡಂ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ನಿಮ್ಮ ಮೇಲೆ ಮೂರು ಸಲ ದೂರು ಬರೆದಿದ್ದೆ."

"ಗೊತ್ತು" ಎಂದರು ಮಾವ. "ಕಟ್ಟಡದ ಆಫೀಸು ಆರನೇ ಮಹಡೀಲಿ. ಆ ಕಾಗದ ತಲುಪಿಸ್ತಿದ್ದೋನು ನಾನೇ."