ಚಿಪ್ಪಿನೊಳಗಿನ ಬಾಣ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಬಸವನಹುಳುಗಳನ್ನು ಆರಿಸಿಕೊಂಡಿದ್ದೆ. ಮಳೆ ಬಿದ್ದ ಮರುದಿನ ಲಕ್ಕೂರಿನ ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ರಜೆಯಲ್ಲಿ ಮುಳಬಾಗಿಲಿನ ಬಂಡೆಗಳ ಸಂದಿಯಲ್ಲಿ ಹುಡುಕುತ್ತಿದ್ದೆ. ಸಿಕ್ಕವನ್ನು ಬಿಸಿನೀರಿಗೆ ಹಾಕಿದ ಮೇಲೆ ಅಮ್ಮ ಹೇರ್‌ಪಿನ್ನಿನಿಂದ ಒಳಗಿನ ಮೈಯನ್ನು ಎಳೆದು ಕೋಳಿಗಳಿಗೆ ಎಸೆಯುತ್ತಿದ್ದಳು. ನಾನು ಚಿಪ್ಪುಗಳನ್ನು ತೊಳೆದು, ಸುರುಳಿ ಮತ್ತು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗಳಿಗೆ ಹಾಕಿ ಹೆಸರು ಬರೆಯುತ್ತಿದ್ದೆ. ಐದು ತಿಂಗಳು ಇದೇ ಕೆಲಸ.

ನವೆಂಬರಿನಲ್ಲಿ ಕೋಲಾರದ ಕಾಲೇಜಿನಲ್ಲಿ ನನ್ನ ಮಾರ್ಗದರ್ಶಕಿ ನಾನು ಇಡಿಯಾಗಿ ಒಯ್ದಿದ್ದ ಎರಡು ಹುಳುಗಳನ್ನು ಕೊಯ್ದರು. ನಾನು ಒಂದೇ ಜಾತಿಯೆಂದು ಒಂದೇ ಡಬ್ಬಿಗೆ ಸೇರಿಸುತ್ತಿದ್ದಂಥವು.

"ಇಲ್ಲಿ ನೋಡಮ್ಮ."

ಮೈಕ್ರೋಸ್ಕೋಪಿನಡಿ, ಸಣ್ಣದೊಂದು ಚೀಲದೊಳಗೆ ಚೂಪಾದ ಮುಳ್ಳು ಕಂಡಿತು.

"ಬಾಣ. ಜೋಡಿ ಸೇರುವಾಗ ಇನ್ನೊಂದಕ್ಕೆ ಚುಚ್ಚುತ್ತೆ. ಈಗ ಎರಡನೇದು ನೋಡು. ಇದೂ ಪೂರ್ತಿ ಬೆಳೆದಿದೆ, ಆದ್ರೆ ಬಾಣದ ಚೀಲವೇ ಇಲ್ಲ. ಎರಡೂ ಬೇರೆ ಬೇರೆ."

"ಚಿಪ್ಪು ಒಂದೇ ಥರ ಇದೆಯಲ್ಲ ಮೇಡಂ?"

"ಚಿಪ್ಪೊಂದನ್ನೇ ನಂಬೋಕಾಗಲ್ಲ. ಯಾವ ಕುಟುಂಬ, ಯಾವ ಜಾತಿ ಅಂತ ಗೊತ್ತಾಗೋದು ಜನನಾಂಗದಿಂದ, ನಾಲಿಗೆ ಮೇಲಿನ ಹಲ್ಲಿನ ಸಾಲಿಂದ. ಡಬ್ಬಿಲಿರೋವುಗಳ ಮೈ ಎಲ್ಲಿಟ್ಟಿದ್ದೀಯ?"

"ಕೋಳಿ ತಿಂದ್ವು ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ಮೇಲೆ ಸಿಕ್ಕವನ್ನ ಮೈ ಸಮೇತ ಸ್ಪಿರಿಟ್ಟಲ್ಲಿಡು" ಎಂದರಷ್ಟೇ. ಬೈದಿದ್ದರೆ ಅಳುತ್ತಿದ್ದೆನೇನೋ. ಮನೆಗೆ ಬರುವ ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರಿಗೆ ನಮ್ಮೂರಿನ ಹೆಸರು ಹೇಳಲೂ ತಡವರಿಸಿದೆ.

ಅಮ್ಮ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ವಿಷಯ ತಿಳಿದು ಅವಳ ಕೈ ನಿಂತಿತು.

"ನಾನೇ ಎಸೆದ್ನಲ್ಲೇ. ಬೇಕು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ನಂಗೇ ಗೊತ್ತಿರ್ಲಿಲ್ಲಮ್ಮ."

ಬಾಣದ ವಿಷಯ ಹೇಳಿದೆ. ಒಂದೊಂದು ಹುಳುವಿನಲ್ಲೂ ಗಂಡು, ಹೆಣ್ಣು ಎರಡರ ಅಂಗವೂ ಇರುತ್ತದೆ ಎಂದೆ. ಅಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟಳು.

"ಎರಡೂ ಒಂದರಲ್ಲೇನಾ? ತೋಟದಲ್ಲಿ ಇವಕ್ಕೆ ಎಷ್ಟು ವರ್ಷದಿಂದ ಉಪ್ಪು ಸುರೀತಿದ್ದೀನಿ ಕಣೇ. ಒಂದಿನಾನೂ ಗೊತ್ತಾಗ್ಲಿಲ್ಲ."

ಆ ವಾರ ಬಿದ್ದ ಕೊನೆಯ ಮಳೆಗೆ ಇಬ್ಬರೂ ಬದುವಿಗೆ ಹೋದೆವು. ಹತ್ತೊಂಬತ್ತು ಸಿಕ್ಕವು. ಚಿಪ್ಪು, ಮೈ ಎರಡನ್ನೂ ಸ್ಪಿರಿಟ್ಟಿನಲ್ಲಿಟ್ಟೆ. ಪ್ರಾಜೆಕ್ಟು ಆ ಹತ್ತೊಂಬತ್ತರ ಮೇಲೆಯೇ ನಿಂತಿತು, ಪಾಸಾದೆ. ಹಳೆಯ ಡಬ್ಬಿಗಳ ಮೇಲಿನ ಹೆಸರುಗಳನ್ನೆಲ್ಲ ಹೊಡೆದುಹಾಕಿ 'ಗುರುತಾಗಿಲ್ಲ' ಎಂದು ಬರೆದ ದಿನ ಮಾತ್ರ ಊಟ ಸೇರಲಿಲ್ಲ.