ದೃಷ್ಟಿ ತಗುಲಿದ್ದು ಯಾರಿಗೆ

ಪ್ಲೇಗು ಕಳೆದ ಮರುವರ್ಷ ಕಬ್ಬಾಳಿನ ಅಂಬಮ್ಮನ ಕೂಸು ಉಬ್ಬಸ ಬಂದು ಎರಡು ಸಲ ಕಾನಕಾನಹಳ್ಳಿಯ ಆಸ್ಪತ್ರೆ ಸೇರಿತ್ತು. ಅಲ್ಲಿ ಗುಣವಾಗುತ್ತಿತ್ತು, ಮನೆಗೆ ಬಂದ ಮಾರನೆಯ ದಿನವೇ ಎದೆ ಮತ್ತೆ ಸುಂಯ್‌ಗುಟ್ಟುತ್ತಿತ್ತು. ಆಸ್ಪತ್ರೆಯಿಂದ ಬಂದ ಕೂಸಿಗೆ ದೃಷ್ಟಿ ತೆಗೆಯದೆ ಅತ್ತೆ ತಿಮ್ಮಮ್ಮ ಬಿಡುತ್ತಿರಲಿಲ್ಲ. ಮೆಣಸಿನಕಾಯನ್ನು ಕೆಂಡಕ್ಕೆ ಹಾಕಿ, ಘಾಟು ಹೊರಗೆ ಹೋಗದಂತೆ ಬಾಗಿಲು ಮುಚ್ಚುತ್ತಿದ್ದಳು.

"ಹೊಗೆ ಬ್ಯಾಡ ಕಣತ್ತೆ, ಕೂಸಿಗೆ ಉಸಿರು ಕಟ್ತದೆ."

"ನಿನ್ನ ಗಂಡಂಗೂ ಹಿಂಗೇ ತೆಗೆದಿದ್ದು ಕಣಮ್ಮಿ. ಸತ್ತೋದ್ನಾ?"

ಗಂಡ ಚಿಕ್ಕಬೀರಯ್ಯ ಎದುರಿಗೇ ನಿಂತಿದ್ದ. ಸತ್ತಿರಲಿಲ್ಲ.

ಮೂರನೆಯ ಸಲ ಆಸ್ಪತ್ರೆಯಿಂದ ಬಂದಾಗ ಅಂಬಮ್ಮ ವಾದಕ್ಕೆ ಹೋಗಲಿಲ್ಲ. ಕೂಸನ್ನು ಗಂಡನ ಕೈಗೆ ಕೊಟ್ಟು ಹೊಂಗೆಮರದ ನೆರಳಿಗೆ ಕಳಿಸಿ, ತಾನೊಬ್ಬಳೇ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು.

"ಕೂಸು ಕುಡಿಯೋದು ನನ್ನ ಹಾಲು. ಕಣ್ಣು ಬಿದ್ದಿರೋದು ನನ್ಮ್ಯಾಲೆ. ನಂಗೇ ತೆಗಿ ಅತ್ತೆ."

ತಿಮ್ಮಮ್ಮನಿಗೆ ಈ ಮಾತು ಸರಿಯೆನಿಸಿತು. ಬಾಗಿಲು ಮುಚ್ಚಿ, ಯಾವತ್ತಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಸುಟ್ಟಳು. ಹೊತ್ತು ಮುಳುಗಿದರೂ ಅತ್ತೆ ಸೊಸೆ ಕೆಮ್ಮುತ್ತಲೇ ಇದ್ದರು. ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಬಂದ ಕೂಸು ಮಾತ್ರ ಸುಮ್ಮನೆ ನಿದ್ದೆ ಮಾಡುತ್ತಿತ್ತು.

"ನೋಡ್ದಾ, ನಿಂಗೇ ಆಗಿತ್ತು ದೃಷ್ಟಿ," ಎಂದಳು ತಿಮ್ಮಮ್ಮ, ಕಣ್ಣೊರೆಸಿಕೊಳ್ಳುತ್ತ.

"ಹೂಂ ಕಣತ್ತೆ," ಎಂದು ಅಂಬಮ್ಮ ಕೂಸಿನ ಎದೆಗೆ ಕಿವಿಯಿಟ್ಟಳು. ಸುಂಯ್ ಎನ್ನುವ ಸದ್ದಿರಲಿಲ್ಲ.